ಅಡ್ಡಹೆಸರು ಮತ್ತು ವಂಶಾವಳಿ: ವಿಜಯಪುರ ಸೀಮೆಯ ಮನೆತನಗಳ ಮೂಲಶೋಧ



ನಮ್ಮ ಭಾಗದ ಅಡ್ಡಹೆಸರುಗಳು ಹೇಗೆ ಹುಟ್ಟಿದವು, ಅವುಗಳನ್ನು ಹಿಡಿದು ಮನೆತನದ ಮೂಲಕ್ಕೆ ಎಷ್ಟು ದೂರ ಹೋಗಬಹುದು ಎಂಬುದು ಇಂದಿನ ಉಪನ್ಯಾಸದ ವಿಷಯ. ಪಾಟೀಲ, ಬಿರಾದಾರ, ಕುಲಕರ್ಣಿ, ಹಿರೇಮಠ, ಹೊಸಮನಿ ಎಂದು ಈ ಸಭೆಯಲ್ಲಿ ಕೂಗಿದರೆ ಎಷ್ಟೋ ಜನ ತಿರುಗಿ ನೋಡಿಯಾರು. ಹಾಗೆ ತಿರುಗಿ ನೋಡಿದವರಲ್ಲಿ ಒಬ್ಬರಿಗೊಬ್ಬರು ಸಂಬಂಧಿಕರು ಎಷ್ಟು ಮಂದಿ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಅಡ್ಡಹೆಸರನ್ನು ರಕ್ತಸಂಬಂಧದ ಗುರುತೆಂದು ತಿಳಿದು ವಂಶದ ಹುಡುಕಾಟಕ್ಕೆ ಹೊರಡುವವರು ದಾರಿ ತಪ್ಪುತ್ತಾರೆ ಎಂಬುದು ನನ್ನ ವಾದ. ಯಾವುದೋ ಒಂದು ಕಾಲದಲ್ಲಿ, ಯಾವುದೋ ಒಂದು ದಫ್ತರದಲ್ಲಿ ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರೆ ಮಾಡಲು ಬರೆದಿಟ್ಟದ್ದೇ ಅಡ್ಡಹೆಸರು. ಆ ದಫ್ತರ ಯಾವುದು, ಆ ಕಾಲ ಯಾವುದು ಎಂದು ತಿಳಿದ ಮೇಲೆಯೇ ಅದು ಉಪಯೋಗಕ್ಕೆ ಬರುತ್ತದೆ. ಮೊದಲು ಹೆಸರುಗಳ ಬಗೆಯನ್ನು, ಆಮೇಲೆ ವಂಶವನ್ನು ನಿಜವಾಗಿ ಕಾಪಾಡಿದ ಆಧಾರಗಳನ್ನು, ಕೊನೆಗೆ ಈ ಕೆಲಸದ ವಿರುದ್ಧ ಬರುವ ಆಕ್ಷೇಪಗಳನ್ನು ನೋಡೋಣ. ನಡುವೆ ಒಮ್ಮೆ ದೂರದ ಕೆನಡಾಕ್ಕೂ ಹೋಗಿಬರಬೇಕಾಗಿದೆ.

ಹೆಸರು ಬರೆಯುವ ಕ್ರಮವೇ ಕರ್ನಾಟಕದಲ್ಲಿ ಒಂದಲ್ಲ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ: ಮೊದಲು ತನ್ನ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಮನೆತನದ್ದು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿಯೂ ಅದೇ ಕ್ರಮ. ಮೈಸೂರು ಸೀಮೆಗೆ ಇಳಿದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಮೊದಲು ಊರು, ಆಮೇಲೆ ತಂದೆ, ಕೊನೆಗೆ ತನ್ನ ಹೆಸರು. ಈ ವ್ಯತ್ಯಾಸಕ್ಕೆ ಆಡಳಿತವೇ ದೊಡ್ಡ ಕಾರಣವೆಂದು ನನ್ನ ಎಣಿಕೆ. ಮುಂಬೈ ಇಲಾಖೆಯ ಕಾಗದಪತ್ರಗಳಲ್ಲಿ ಕೊನೆಯ ಹೆಸರಿಗೆ ಒಂದು ಖಾನೆ ಇತ್ತು; ಆ ಖಾನೆಯನ್ನು ಹೇಗಾದರೂ ತುಂಬಬೇಕಿತ್ತು. ಮೈಸೂರು ಸಂಸ್ಥಾನದಲ್ಲಿ ಆ ಒತ್ತಾಯ ಇಷ್ಟಿರಲಿಲ್ಲ. ಆದರೆ ನಮ್ಮಲ್ಲೂ ಮಾತಿನ ಕ್ರಮ ಬೇರೆ, ಕಾಗದದ ಕ್ರಮ ಬೇರೆ. ಹಲಸಂಗಿ ಗೆಳೆಯರೆಂಬ ಸಾಹಿತ್ಯ ಬಳಗದಲ್ಲಿ ಜನ ಕರೆದದ್ದು ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಎಂದು, ಮನೆತನದ ಹೆಸರನ್ನು ಮುಂದಿಟ್ಟು. ಊರಿನ ಬಾಯಲ್ಲಿ ಇಂದಿಗೂ ಗುರುತು ಮೊದಲು, ಹೆಸರು ಆಮೇಲೆ.

ಇನ್ನು ಹೆಸರುಗಳ ಬಗೆಗೆ ಬರೋಣ. ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವವು ಊರಿನ ಹೆಸರುಗಳು. ಬಬಲೇಶ್ವರ, ಕಾಖಂಡಕಿ, ಸಾರವಾಡ, ಹೊನವಾಡ, ಬಿಜ್ಜರಗಿ ಇವೆಲ್ಲ ನಮ್ಮ ಸುತ್ತಲಿನ ಊರುಗಳು. ಇಂಥ ಊರಹೆಸರುಗಳೇ ಮನೆತನದ ಹೆಸರುಗಳಾಗಿ ಊರೂರಲ್ಲಿ ಸಿಗುತ್ತವೆ. ಒಬ್ಬನನ್ನು ‘ಬಬಲೇಶ್ವರ’ ಎಂದು ಕರೆಯುವ ಅಗತ್ಯ ಬಬಲೇಶ್ವರದಲ್ಲಿ ಬೀಳುವುದಿಲ್ಲ, ಅಲ್ಲಿ ಎಲ್ಲರೂ ಬಬಲೇಶ್ವರದವರೇ. ಆ ಮನೆಯವರು ಬೇರೆ ಊರಿಗೆ ಬಂದು ನೆಲೆಸಿದಾಗ, ಬಂದ ಊರಿನವರು ಕೊಡುವ ಹೆಸರು ಅದು. ಆದ್ದರಿಂದ ಊರ ಹೆಸರಿನ ಅಡ್ಡಹೆಸರು ವಲಸೆಯ ದಾಖಲೆ. ಅದೇ ಬಳಗದ ಕವಿ ಮಧುರಚೆನ್ನರು ಬಾಳಿದ್ದು ಹಲಸಂಗಿಯಲ್ಲಿ, ಅವರ ಅಡ್ಡಹೆಸರು ಗಲಗಲಿ. ಆ ಹೆಸರಿನ ಊರು ಇರುವುದು ಕೃಷ್ಣೆಯ ದಂಡೆಗೆ. ಎಂ.ಎಂ. ಕಲಬುರ್ಗಿಯವರು 1938ರಲ್ಲಿ ಹುಟ್ಟಿದ್ದು ಸಿಂದಗಿ ತಾಲೂಕಿನಲ್ಲಿ. ನಮ್ಮಲ್ಲಿ ನಾಮವಿಜ್ಞಾನವನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಅವರೇ ಮುಖ್ಯರು. ಅವರ ಹೆಸರೇ ಈ ಮಾತಿಗೆ ಒಂದು ನಿದರ್ಶನ. ಆದರೆ ಹೆಸರು ಕೊಟ್ಟ ಊರು ಮೂಲದ ಊರೇ ಆಗಿರಬೇಕೆಂದಿಲ್ಲ, ಅದು ಕೊನೆಯ ನಿಲ್ದಾಣವೂ ಆಗಿರಬಹುದು. ಬರಗಾಲದಲ್ಲಿ ಊರು ಬಿಟ್ಟ ಕುಟುಂಬ ಒಂದೆಡೆ ಹತ್ತಿಪ್ಪತ್ತು ವರ್ಷವಿದ್ದು ಮತ್ತೆ ಮುಂದೆ ಸಾಗಿದ್ದರೆ, ಹೆಸರಿನಲ್ಲಿ ಉಳಿಯುವುದು ನಡುವಿನ ಊರು. 1876ರಿಂದ 1878ರವರೆಗಿನ ಮಹಾಬರ ನಮ್ಮ ಭಾಗವಿದ್ದ ಅಂದಿನ ಕಲಾದಗಿ ಜಿಲ್ಲೆಯನ್ನು ಬರಿದುಮಾಡಿತ್ತು. ಆ ಎರಡು ವರ್ಷಗಳಲ್ಲಿ ಕದಲಿದ ಕುಟುಂಬಗಳಿಗೆ ಅಡ್ಡಹೆಸರಿನ ಊರು ಅರ್ಧ ದಾರಿಯನ್ನಷ್ಟೇ ತೋರಿಸಬಲ್ಲದು.

ಎರಡನೆಯ ಬಗೆ ಹುದ್ದೆಯ ಹೆಸರುಗಳು. ಪಾಟೀಲ ಎಂಬುದು ಊರಗೌಡಿಕೆಯ ಹುದ್ದೆ, ಕುಲಕರ್ಣಿ ಲೆಕ್ಕದ ಹುದ್ದೆ, ದೇಸಾಯಿ, ದೇಶಪಾಂಡೆ ಪರಗಣದ ಮೇಲಿನವರು, ವಾಲೀಕಾರ, ತಳವಾರ ಊರಿನ ಚಾಕರಿಯವರು. ಆದಿಲಶಾಹಿಯ ಆಳ್ವಿಕೆಯಲ್ಲಿ ಬೇರೂರಿದ್ದ ಈ ವತನಗಳನ್ನು ಮುಂದೆ ಪೇಶವೆಗಳೂ ಇಂಗ್ಲಿಷರೂ ಮುಂದುವರಿಸಿದರು. 1874ರ ಮುಂಬೈ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ವತನದಾರರ ಹಕ್ಕುಗಳನ್ನು ಕಾಗದದಲ್ಲಿ ಬಿಗಿಮಾಡಿತು: ಚಾಕರಿ ಮಾಡುವ ಹಕ್ಕು ಯಾವ ಶಾಖೆಗೆ, ಯಾರು ಪ್ರತಿನಿಧಿ ವತನದಾರ ಎಂದು ದಾಖಲಾಗಬೇಕಾಯಿತು. ಹುದ್ದೆಗೆ ವಂಶಾವಳಿ ಬೇಕು, ವಂಶಾವಳಿಗೆ ಹೆಸರು ಬೇಕು. ಹೀಗೆ ಹುದ್ದೆ ಮನೆತನದ ಹೆಸರಾಗಿ ಗಟ್ಟಿಯಾಯಿತು. 1950ರ ಕಾಯ್ದೆ ಪರಗಣ ಮತ್ತು ಕುಲಕರ್ಣಿ ವತನಗಳನ್ನು ತೆಗೆದುಹಾಕಿತು, 1961ರ ಕಾಯ್ದೆ ಉಳಿದ ಗ್ರಾಮ ಹುದ್ದೆಗಳನ್ನು ರದ್ದುಮಾಡಿತು. ಹುದ್ದೆ ಹೋಯಿತು, ಹೆಸರು ನಿಂತಿತು. ಇದರ ಪರಿಣಾಮವನ್ನು ಗಮನಿಸಿ: ಪ್ರತಿ ಊರಿಗೊಬ್ಬ ಪಾಟೀಲನಿದ್ದ, ಹುದ್ದೆ ಒಂದೇ, ರಕ್ತ ಬೇರೆಬೇರೆ. ಲಿಂಗಾಯತರಲ್ಲಿ, ಜೈನರಲ್ಲಿ, ಮರಾಠರಲ್ಲಿ, ಮುಸಲ್ಮಾನರಲ್ಲಿ ಪಾಟೀಲರಿದ್ದಾರೆ. ಹಿರೇಮಠ ಎಂಬ ಹೆಸರೂ ಹೀಗೆಯೇ. ಊರೂರಿಗೆ ಒಂದು ಹಿರೇಮಠವಿದ್ದ ನಾಡಿನಲ್ಲಿ ಇಬ್ಬರು ಹಿರೇಮಠರು ಅಣ್ಣತಮ್ಮಂದಿರಾಗಿರಬೇಕಾದ ಕಾರಣವೇ ಇಲ್ಲ. ಇನ್ನೊಂದು ತೊಡಕೂ ಇದೆ: ಗಂಡುಮಕ್ಕಳಿಲ್ಲದ ವತನದಾರ ದತ್ತಕ ತೆಗೆದುಕೊಂಡರೆ ವತನವೂ ಹೆಸರೂ ದತ್ತಕ ಮಗನಿಗೇ ಬಂದವು. ಕಾಗದದ ಮೇಲೆ ಎಳೆ ಎಲ್ಲೂ ಕಡಿಯಲಿಲ್ಲ.

ಕಸುಬಿನ ಹೆಸರುಗಳಾದ ಕಂಬಾರ, ಬಡಿಗೇರ, ಪತ್ತಾರ, ಗಾಣಿಗೇರ, ಹೂಗಾರ, ವ್ಯಾಪಾರದಿಂದಲೋ ಗೇಲಿಯಿಂದಲೋ ಬಂದಿರಬಹುದಾದ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಮುಂತಾದವನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ. ಅವುಗಳ ಬಗ್ಗೆ ತಮಾಷೆಯ ಲೇಖನಗಳು ಬೇಕಾದಷ್ಟಿವೆ.

ಈಗ ಕೆನಡಾದ ಮಾತು. ಅಲ್ಲಿನ ಕ್ವಿಬೆಕ್ ಪ್ರಾಂತದ ಫ್ರೆಂಚ್ ಮೂಲದ ಜನ ವಂಶಶೋಧದಲ್ಲಿ ಜಗತ್ತಿಗೇ ಮಾದರಿ ಎನಿಸಿಕೊಂಡವರು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಹಡಗಿನಲ್ಲಿ ಬಂದು ನೆಲೆಸಿದ ಆ ಸಮಾಜ ಬಹಳ ಚಿಕ್ಕದಿತ್ತು; 1666ರ ಜನಗಣತಿಯಲ್ಲಿ ಸಿಕ್ಕ ವಸಾಹತಿಗರು 3,215 ಮಂದಿ. ಜನನ, ಮದುವೆ, ಮರಣಗಳನ್ನು ಚರ್ಚಿನ ಪಾದ್ರಿಗಳು ಬರೆದಿಟ್ಟರು. ಅವುಗಳ ಆಧಾರದಿಂದ ತಾಂಗೇ ಎಂಬ ಪಾದ್ರಿ 1871ರಿಂದ 1890ರೊಳಗೆ ಏಳು ಸಂಪುಟಗಳ ವಂಶಕೋಶ ಹೊರತಂದ; 1966ರಿಂದ ಮಾಂಟ್ರಿಯಲ್ ವಿಶ್ವವಿದ್ಯಾಲಯ ಆ ದಾಖಲೆಗಳನ್ನೆಲ್ಲ ಗಣಕಕ್ಕೆ ಏರಿಸುವ ಕೆಲಸ ಕೈಗೊಂಡಿತು. ಇಷ್ಟೊಂದು ದಾಖಲೆಯಿರುವ ಆ ನಾಡಿನಲ್ಲೂ ಅಡ್ಡಹೆಸರು ಹುಡುಕುವವರನ್ನು ಕಾಡುತ್ತದೆ. ಅಲ್ಲಿ ಒಂದು ಮನೆತನಕ್ಕೆ ಎರಡು ಹೆಸರಿರುವುದು ಸಾಮಾನ್ಯ: ಇಂಥವನು, ಇಂಥ ಹೆಸರಿನಿಂದ ಕರೆಯಲ್ಪಡುವವನು ಎಂದು ಎರಡನ್ನೂ ಕೂಡಿಸಿ ಬರೆಯುತ್ತಿದ್ದರು. ಮಿವಿಲ್ ಮನೆತನ ದೆಶೆನ್ ಎಂಬ ಹೆಸರಿನಿಂದಲೂ, ಹ್ಯೂಡೋ ಮನೆತನ ಬೋಲಿಯು ಎಂಬ ಹೆಸರಿನಿಂದಲೂ ನಡೆಯಿತು. ಈ ಎರಡನೆಯ ಹೆಸರುಗಳಲ್ಲಿ ಕೆಲವು 1665ರಲ್ಲಿ ಬಂದ ಕಾರಿನ್ಯಾಂ ದಳದ ಸೈನಿಕರಿಗೆ ದಂಡಿನಲ್ಲಿ ಬಿದ್ದವು, ಕೆಲವು ಹೊಲದಿಂದ ಬಂದವು, ಕೆಲವು ಹುಟ್ಟೂರಿನಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೇ ಹೆಸರು ಇಟ್ಟುಕೊಳ್ಳುವ ರೂಢಿ ಬಂದಾಗ ಒಂದು ಶಾಖೆ ಹಳೆಯದನ್ನು ಉಳಿಸಿತು, ಇನ್ನೊಂದು ಶಾಖೆ ಎರಡನೆಯದನ್ನು. ಹೀಗೆ ಒಂದೇ ರಕ್ತದವರು ಇಂದು ಬೇರೆ ಹೆಸರಿನವರು.

ನಮ್ಮಲ್ಲಿ ಇದೇ ಆಗಿದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಆದಿಲಶಾಹಿ ಇತಿಹಾಸ ಮತ್ತು ದಾಸಸಾಹಿತ್ಯದ ವಿದ್ವಾಂಸರಾದ ಕೃಷ್ಣ ಕೊಲ್ಹಾರ ಕುಲಕರ್ಣಿಯವರ ಹೆಸರನ್ನೇ ನೋಡಿ. ಊರೂರಿಗೆ ಕುಲಕರ್ಣಿ ಇದ್ದುದರಿಂದ ಬರಿಯ ಕುಲಕರ್ಣಿ ಎಂದರೆ ಗುರುತು ಸಿಗದು. ಊರನ್ನು ಕೂಡಿಸಿದಾಗ ಸಿಕ್ಕಿತು. ಇಂಥ ಜೋಡಿಹೆಸರಿನ ಕುಟುಂಬದಲ್ಲಿ ಮುಂದೆ ಒಬ್ಬ ಮಗ ಊರನ್ನು ಬಿಟ್ಟು ಹುದ್ದೆಯನ್ನು ಇಟ್ಟುಕೊಂಡರೆ, ಇನ್ನೊಬ್ಬ ಹುದ್ದೆಯನ್ನು ಬಿಟ್ಟು ಊರನ್ನು ಇಟ್ಟುಕೊಂಡರೆ, ಎರಡು ತಲೆಮಾರಿನಲ್ಲಿ ಅವರ ಮೊಮ್ಮಕ್ಕಳಿಗೆ ಪರಸ್ಪರ ಗುರುತು ಹತ್ತದು. ಹೆಸರು ಹೀಗೆ ಕವಲೊಡೆಯುವ ಜಾಗ ಬಹುಮಟ್ಟಿಗೆ ಕನ್ನಡ ಶಾಲೆಯ ದಾಖಲಾತಿ ಪುಸ್ತಕ. ಮನೆಯಲ್ಲಿ ಮೊದಲು ಶಾಲೆಗೆ ಹೋದ ಹುಡುಗನಿಗೆ ಮಾಸ್ತರರು ಏನು ಬರೆದುಕೊಂಡರೋ ಅದೇ ನೌಕರಿಗೆ, ಪಿಂಚಣಿಗೆ, ಮಕ್ಕಳಿಗೆ ಮುಂದುವರಿಯಿತು. ಇದೇ ಮುಂಬೈ ಇಲಾಖೆಯಲ್ಲಿ ಓದಿದ ಬಾಬಾಸಾಹೇಬ ಅಂಬೇಡ್ಕರರ ಮನೆತನದ ಹೆಸರು ಸಕಪಾಳ. ಶಾಲೆಯಲ್ಲಿ ಅಂಬಡವೆ ಎಂಬ ಊರಿನಿಂದ ಅಂಬಡವೇಕರ ಎಂದಾಗಿ, ಶಿಕ್ಷಕರೊಬ್ಬರಿಂದ ಅಂಬೇಡ್ಕರ ಎಂದಾಯಿತೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ.

‘ಏನೇ ಹೇಳಿ, ನಾಲ್ಕು ತಲೆಮಾರಿನಿಂದ ನಮ್ಮ ಅಡ್ಡಹೆಸರು ಬದಲಾಗಿಲ್ಲ, ಅದು ಗಟ್ಟಿ ಆಧಾರವಲ್ಲವೇ?’ ಎಂದು ಯಾರಾದರೂ ಕೇಳಬಹುದು. ನಾಲ್ಕು ತಲೆಮಾರೆಂದರೆ ಸುಮಾರು ನೂರು ವರ್ಷ. ಅಷ್ಟು ಹಿಂದಕ್ಕೆ ಹೋದರೆ ಮುಟ್ಟುವುದು ಶಾಲೆ, ವತನದ ದಫ್ತರ, ಹಕ್ಕುದಾಖಲೆಗಳ ಕಾಲವನ್ನೇ. ಹೆಸರು ಗಟ್ಟಿಯಾದದ್ದು ಕಾಗದದಿಂದ. ಕಾಗದಕ್ಕಿಂತ ಹಿಂದೆ ಅದೇ ಹೆಸರು ಇತ್ತೆನ್ನಲು ಬೇರೆ ಪುರಾವೆ ಬೇಕು.

ಆ ಬೇರೆ ಪುರಾವೆ ಯಾವುದು ಎಂಬುದು ಉಪನ್ಯಾಸದ ಎರಡನೆಯ ಭಾಗ. ಕ್ವಿಬೆಕ್ಕಿನ ಪಾದ್ರಿ ಮಾಡಿದ ಕೆಲಸವನ್ನು ನಮ್ಮಲ್ಲಿ ಹೆಳವರು ಮಾಡಿದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆಯ ಸದ್ದಿನೊಂದಿಗೆ ಊರಿಗೆ ಬಂದು, ತಮಗೆ ಸೇರಿದ ಒಕ್ಕಲುಗಳ ಬಾಗಿಲಲ್ಲಿ ನಿಂತು ಮೂಲಪುರುಷನಿಂದ ಹಿಡಿದು ಇಂದಿನ ಕೂಸಿನವರೆಗೆ ಹೆಸರು ಹೇಳುವವರು ಅವರು. ಮೂಲ ಊರು ಯಾವುದು, ಯಾಕೆ ಬಿಟ್ಟರು, ಮನೆದೇವರು ಯಾವುದು, ಬೆಡಗು ಯಾವುದು, ಯಾವ ಅಣ್ಣತಮ್ಮರು ಯಾವ ಊರಿಗೆ ಹೋದರು ಎಂಬುದೆಲ್ಲ ಅವರ ಹೊತ್ತಿಗೆಯಲ್ಲಿ ಇರುತ್ತದೆ. ಊರುಗಳನ್ನು ಹೆಳವರು ತಮ್ಮ ತಮ್ಮಲ್ಲಿ ಹಂಚಿಕೊಂಡಿದ್ದಾರೆ, ಒಬ್ಬರ ಒಕ್ಕಲಿಗೆ ಇನ್ನೊಬ್ಬರು ಹೋಗುವುದಿಲ್ಲ. ಬಂದಾಗ ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ, ಕಾಳು, ಬಟ್ಟೆ, ಉಳ್ಳವರ ಮನೆಯಲ್ಲಿ ಆಕಳನ್ನೂ ಪಡೆಯುತ್ತಾರೆ. ಪಾದ್ರಿಯ ಪುಸ್ತಕ ಚರ್ಚಿನಲ್ಲೇ ಇರುತ್ತದೆ, ಜನ ಅಲ್ಲಿಗೆ ಹೋಗುತ್ತಾರೆ. ಹೆಳವರ ಪುಸ್ತಕ ಜನ ಎಲ್ಲಿಗೆ ಹೋದರೂ ಹಿಂದಿನಿಂದ ಬರುತ್ತದೆ. ವಲಸೆ ಹೆಚ್ಚಿದ್ದ ಬರದ ನಾಡಿಗೆ ಇದು ಹೆಚ್ಚು ಹೊಂದಿದ ಏರ್ಪಾಡೆಂದು ನನ್ನ ಅಭಿಪ್ರಾಯ.

ಇದರ ಮೇಲೆ ಬರುವ ಆಕ್ಷೇಪ ಗಂಭೀರವಾದದ್ದು. ದಾನ ಪಡೆಯುವವನು ಕೊಡುವವನನ್ನು ಹೊಗಳಲೇಬೇಕು. ಹೊಗಳಿಕೆಯ ವಂಶಾವಳಿಯನ್ನು ನಂಬುವುದು ಹೇಗೆ? ಮೂಲಪುರುಷನ ಭಾಗದಲ್ಲಿ ಈ ಸಂಶಯ ಸರಿ. ಅಲ್ಲಿ ಶಿವನೂ ಬರುತ್ತಾನೆ, ಬಸವಣ್ಣನೂ ಬರುತ್ತಾನೆ, ಅರಸರ ದಂಡೂ ಬರುತ್ತದೆ. ಆದರೆ ಕೊನೆಯ ಏಳೆಂಟು ತಲೆಮಾರಿನ ಹೆಸರುಗಳಲ್ಲಿ ಸುಳ್ಳು ಹೇಳಿ ಹೆಳವರಿಗೆ ಲಾಭವಿಲ್ಲ, ಯಾಕೆಂದರೆ ಅದೇ ಸಾಲನ್ನು ಅವರು ಬೇರೆ ಊರಿನ ಅಣ್ಣತಮ್ಮರ ಬಾಗಿಲಲ್ಲೂ ಹೇಳಬೇಕು. ಕಾನೂನು ಕೂಡ ಇಂಥ ಆಧಾರವನ್ನು ತಳ್ಳಿಹಾಕಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 32ನೆಯ ಕಲಮು, ತೀರಿಹೋದವರು ಸಂಬಂಧದ ಬಗ್ಗೆ ಆಡಿದ ಮಾತನ್ನೂ, ಮನೆತನದ ವಂಶಾವಳಿಯಲ್ಲಿ ಬರೆದದ್ದನ್ನೂ ಒಂದು ಷರತ್ತಿನೊಂದಿಗೆ ಒಪ್ಪಿತ್ತು: ಆ ಮಾತು, ಆ ಬರಹ ತಂಟೆ ಹುಟ್ಟುವುದಕ್ಕಿಂತ ಮೊದಲಿನದಾಗಿರಬೇಕು. ಸಂಶೋಧಕರಿಗೂ ಇದು ಒಳ್ಳೆಯ ಒರೆಗಲ್ಲು. ಹೊಲದ ವಾಟ್ನಿಯ ಜಗಳ ಎದ್ದ ಮೇಲೆ ಬರೆಸಿದ ವಂಶಾವಳಿಗಿಂತ, ಜಗಳವಿಲ್ಲದ ಕಾಲದಲ್ಲಿ ಹೆಳವರು ಬರೆದುಕೊಂಡ ನಾಲ್ಕು ಹೆಸರು ಹೆಚ್ಚು ಬೆಲೆಯುಳ್ಳವು.

ಹೆಳವರ ಮಾತನ್ನು ಕಾಗದದೊಂದಿಗೆ ಸರಿನೋಡಬೇಕು. ಇಲ್ಲಿ ತಿಕೋಟಾ, ಬಬಲೇಶ್ವರದವರಿಗೆ ಒಂದು ಸೂಚನೆ. ಇವೆರಡೂ ತಾಲೂಕುಗಳಾದದ್ದು ಮೊನ್ನೆ ಮೊನ್ನೆ, 2017ರ ಘೋಷಣೆಯ ನಂತರ; ಅದಕ್ಕೂ ಹಿಂದಿನ ಕಾಗದವನ್ನು ಬಿಜಾಪುರ ತಾಲೂಕಿನ ಹೆಸರಿನಲ್ಲಿ ಹುಡುಕಬೇಕು. ಬಿಜಾಪುರ ಜಿಲ್ಲಾಕೇಂದ್ರವಾದದ್ದು 1885ರಲ್ಲಿ. ಅದರ ಹಿಂದೆ ಜಿಲ್ಲೆಯ ಹೆಸರು ಕಲಾದಗಿ. 1848ಕ್ಕಿಂತ ಹಿಂದೆ ಬಿಜಾಪುರದ ಸುತ್ತಲಿನ ಭಾಗ ಸಾತಾರದ ಅರಸರ ಕೈಯಲ್ಲಿತ್ತು, 1818ರ ಹಿಂದೆ ಪೇಶವೆಗಳದು. ಆ ಕಾಲದ ವತನದ ಕಾಗದಗಳು ಮೋಡಿ ಲಿಪಿಯಲ್ಲಿವೆ. ಮೋಡಿ ಓದುವವರು ಕಡಿಮೆಯಾಗುತ್ತಿರುವುದು ನಮ್ಮ ಕೆಲಸಕ್ಕೆ ದೊಡ್ಡ ಅಡ್ಡಿ. ಊರ ಚಾವಡಿಯ ಹಳೆಯ ಉತಾರಗಳು, ವಾರಸಾ ನೋಂದಣಿಗಳು ಸುಮಾರು ನೂರಿಪ್ಪತ್ತು ವರ್ಷ ಹಿಂದಕ್ಕೆ ಒಯ್ಯಬಲ್ಲವು. ಅವುಗಳ ಗುಣ ಏನೆಂದರೆ ಹೆಸರು ಬದಲಾದರೂ ಸರ್ವೇ ನಂಬರಿನ ಹೊಲ ಅಲ್ಲೇ ಇರುತ್ತದೆ. ಹೊಲ ಹಿಡಿದು ಹೋದವನು ಹೆಸರು ಹಿಡಿದು ಹೋದವನಿಗಿಂತ ಮುಂದೆ ತಲುಪುತ್ತಾನೆ. ಹೊಲವಿಲ್ಲದವರಿಗೆ ಈ ದಾರಿ ಮುಚ್ಚಿದೆ ಎಂಬುದನ್ನೂ ಮರೆಯಬಾರದು. ಆ ಮಾತಿಗೆ ಮುಂದೆ ಬರುತ್ತೇನೆ. ಕಾಶಿ, ಗಯಾ, ತ್ರ್ಯಂಬಕೇಶ್ವರಗಳಲ್ಲಿ ತೀರ್ಥಪುರೋಹಿತರು ಯಾತ್ರಿಕರ ಊರು, ಹೆಸರು ಬರೆದಿಟ್ಟ ವಹಿಗಳೂ ಇವೆ. ಯಾತ್ರೆಗೆ ಹೋಗುವ ಶಕ್ತಿಯಿದ್ದ ಮನೆಗಳಿಗೆ ಅವು ನೆರವಾಗುತ್ತವೆ.

ಮೂರನೆಯ ಆಧಾರ ಮನೆದೇವರು. ಅಡ್ಡಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಮನೆದೇವರನ್ನು ಬದಲಿಸಲು ಜನ ಅಂಜುತ್ತಾರೆ. ಅರಕೇರಿಯ ಅಮೋಘಸಿದ್ಧನ ಒಕ್ಕಲಿನ ಹಾಲುಮತದ ಮನೆಗಳು ಎಲ್ಲಿಗೆ ಹೋದರೂ ಅವನ ಗುಡ್ಡಕ್ಕೆ ಬಂದೇ ಹೋಗುತ್ತವೆ. ಮಂಗಳವೇಢೆ ತಾಲೂಕಿನ ಹುಲಜಂತಿಯ ಮಾಳಿಂಗರಾಯನಿಗೆ ನಡೆದುಕೊಳ್ಳುವವರು ಗಡಿಯ ಇತ್ತಲೂ ಅತ್ತಲೂ ಇದ್ದಾರೆ. ತಿಕೋಟಾದ ಪಶ್ಚಿಮಕ್ಕೆ ಮಹಾರಾಷ್ಟ್ರದ ಗಡಿ. 1956ರ ನಂತರ ಜತ್ತ, ಸೊಲ್ಲಾಪುರ ಕಡೆಯ ಕನ್ನಡ ಮನೆತನಗಳ ಹೆಸರುಗಳು ಮರಾಠಿ ಕಾಗದದಲ್ಲಿ ಮರಾಠಿಯ ರೂಪ ತಾಳಿದವು. ಇಲ್ಲಿ ಬಿರಾದಾರ, ಅಲ್ಲಿ ಬಿರಾಜದಾರ. ಇಲ್ಲಿ ಬಿಜಾಪುರ, ಅಲ್ಲಿ ಬಿಜಾಪುರಕರ, ವಿಜಾಪುರೆ. 2014ರ ನವೆಂಬರ್ 1ರಂದು ನಮ್ಮ ಊರು ವಿಜಯಪುರವಾದರೂ ಅಡ್ಡಹೆಸರಿನೊಳಗಿನ ಬಿಜಾಪುರ ಕದಲಲಿಲ್ಲ. ಗಡಿಯ ಎರಡೂ ಕಡೆ ಹೆಸರು ಕೈಬಿಟ್ಟರೆ ಮನೆದೇವರ ಜಾತ್ರೆ ಕೈಹಿಡಿಯುತ್ತದೆ. ಮನೆದೇವರೊಂದೇ ಸಾಕೆಂದಲ್ಲ, ಸಾವಿರಾರು ಕುಟುಂಬಗಳಿಗೆ ದೇವರು ಒಬ್ಬನೇ. ಹೊಲ, ಹೆಳವರ ಸಾಲು, ಮನೆದೇವರು ಈ ಮೂರೂ ಒಂದೇ ಕಡೆ ಬೆರಳು ಮಾಡಿದಾಗ ಮಾತ್ರ ಸಂಬಂಧವನ್ನು ಸಿದ್ಧಪಟ್ಟದ್ದೆಂದು ಹೇಳಬೇಕು.

ಇಲ್ಲಿಯವರೆಗೆ ಹೇಳಿದ ಆಧಾರಗಳಿಗೆಲ್ಲ ಒಂದು ದೊಡ್ಡ ಕೊರತೆ ಇದೆ: ಹೆಣ್ಣುಮಕ್ಕಳು ಅವುಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ವತನದ ವಂಶಾವಳಿ ಗಂಡುಮಕ್ಕಳ ಸಾಲು, ಹೆಳವರದೂ ಬಹುಮಟ್ಟಿಗೆ ಅದೇ. ಮದುವೆಯಾದ ಹೆಣ್ಣುಮಗಳ ಅಡ್ಡಹೆಸರು, ನಡುವಿನ ಹೆಸರು ಎರಡೂ ಬದಲಾಗುತ್ತವೆ. ಕೆಲವು ಮನೆಗಳಲ್ಲಿ ಅವಳ ಸ್ವಂತ ಹೆಸರೂ ಬದಲಾಗುತ್ತಿತ್ತು. ಕ್ವಿಬೆಕ್ಕಿನವರು ಇಲ್ಲಿ ನಮಗಿಂತ ಮುಂದಿದ್ದಾರೆ: ಅಲ್ಲಿನ ಚರ್ಚಿನ ಪುಸ್ತಕಗಳಲ್ಲಿ ಹೆಂಗಸರು ಹುಟ್ಟುಮನೆಯ ಹೆಸರಿನಿಂದಲೇ ದಾಖಲಾದರು, 1981ರಿಂದ ಕಾನೂನೇ ಗಂಡಹೆಂಡಿರಿಬ್ಬರೂ ತಂತಮ್ಮ ಹೆಸರನ್ನೇ ಇಟ್ಟುಕೊಳ್ಳಬೇಕೆಂದಿತು. ಆದ್ದರಿಂದ ಅವರಿಗೆ ತಾಯಿಯ ತಾಯಿಯ ತಾಯಿಯನ್ನು ಹುಡುಕುವುದು ಸಾಧ್ಯ. ನಮ್ಮಲ್ಲಿ ಉಳಿದಿರುವುದು ತವರೂರಿನ ಹೆಸರು. ಸೋದರಮಾವನ ಮನೆ, ಅತ್ತೆಯ ಮನೆಗಳೊಳಗೆ ಕೊಟ್ಟುತಂದು ಮಾಡುವ ರೂಢಿಯಿರುವ ಮನೆತನಗಳಲ್ಲಿ ಬೀಗತನ ನಾಲ್ಕೈದು ಊರುಗಳೊಳಗೇ ತಿರುಗುತ್ತದೆ. ಆ ಊರುಗಳ ಪಟ್ಟಿ ಮಾಡಿದರೆ ಹೆಣ್ಣಿನ ಎಳೆ ಬಹುಪಾಲು ಸಿಗುತ್ತದೆ. ಇದನ್ನು ಬಲ್ಲವರು ಮನೆಯ ಮುದುಕಿಯರು, ಅವರನ್ನು ಯಾರೂ ಕೇಳುವುದಿಲ್ಲ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಬಂದ ಮೇಲೆ, ನಾಡಕಚೇರಿಯ ವಂಶವೃಕ್ಷದಲ್ಲಿ ಅವರ ಹೆಸರು ಬರೆಯಲೇಬೇಕಾಗಿದೆ. ಮುಂದಿನ ಶತಮಾನದ ಸಂಶೋಧಕನಿಗೆ ಇದರ ಬೆಲೆ ತಿಳಿದೀತು.

ಕೊನೆಯ ಆಕ್ಷೇಪಕ್ಕೆ ಬರುತ್ತೇನೆ. ವಂಶ ಹುಡುಕುವುದು ಜಾತಿಯ ಜಂಬವನ್ನು ಬೆಳೆಸುತ್ತದೆ, ಎಲ್ಲರೂ ದೇಸಗತಿಯ ಮನೆತನದವರಾಗಲು ಹೊರಡುತ್ತಾರೆ, ಯಾಕೆ ಬೇಕು ಈ ಉಸಾಬರಿ ಎನ್ನುವವರಿದ್ದಾರೆ. ಜಂಬಕ್ಕಾಗಿ ಬರೆದ ವಂಶಾವಳಿಗಳು ಇವೆ, ಒಪ್ಪುತ್ತೇನೆ. ಆದರೆ ಪ್ರಾಮಾಣಿಕವಾಗಿ ಹುಡುಕಿದರೆ ಸಿಗುವುದು ದತ್ತಕ, ಮನೆ ಅಳಿಯತನ, ಬರದ ವಲಸೆ, ಹೆಸರಿನ ಬದಲಾವಣೆ. ಇವುಗಳ ಮುಂದೆ ಅಚ್ಚ ರಕ್ತದ ಮಾತು ನಿಲ್ಲುವುದಿಲ್ಲ. ಇದಕ್ಕಿಂತ ತೂಕದ ಆಕ್ಷೇಪ ದಲಿತ ಮನೆತನಗಳದು. ಕೆಳಗಿನ ಚಾಕರಿಯ ವತನಗಳೂ 1874ರ ಕಾಯ್ದೆಯೊಳಗೇ ಇದ್ದವು. ಚಾಕರಿ ತಪ್ಪದು, ಸಂಬಳ ಅತ್ಯಲ್ಪ. ಆ ಕಾಯ್ದೆಯ ತಿದ್ದುಪಡಿಗಾಗಿ ಅಂಬೇಡ್ಕರರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದರು. ಆ ಕಾಗದಗಳಲ್ಲಿ ಮನುಷ್ಯರ ಹೆಸರಿನ ಮುಂದೆ ಜಾತಿಯನ್ನೇ ಅಡ್ಡಹೆಸರೆಂಬಂತೆ ಬರೆದ ಉದಾಹರಣೆಗಳು ಬೇಕಾದಷ್ಟು. ಅಂಥ ಮನೆಯ ಮಕ್ಕಳು ಮುಂದೆ ಶಾಲೆಯಲ್ಲಿ ಬೇರೆ ಹೆಸರು ಬರೆಸಿದ್ದರೆ, ಮೂಲಶೋಧದ ಹೆಸರಿನಲ್ಲಿ ಅದನ್ನು ಕೆದಕಿ ಬಯಲಿಗೆ ಹಾಕುವ ಹಕ್ಕು ಯಾವ ಸಂಶೋಧಕನಿಗೂ ಇಲ್ಲ. ತಮ್ಮ ವಂಶವನ್ನು ತಾವೇ ಹುಡುಕಬೇಕೆಂದು ಅವರು ಬಯಸಿದರೆ, ಹೊಲದ ಉತಾರವಿಲ್ಲದ ಕಾರಣ, ಬಾಯಿಮಾತಿನ ಆಧಾರಗಳನ್ನು ಇನ್ನಷ್ಟು ಎಚ್ಚರದಿಂದ ಕೂಡಿಹಾಕುವ ಕೆಲಸಕ್ಕೆ ವಿದ್ಯಾಸಂಸ್ಥೆಗಳು ನೆರವಾಗಬೇಕು.

ಇದೇ ಎಚ್ಚರ ಹೆಳವರ ಹೊತ್ತಿಗೆಗಳಿಗೂ ಬೇಕು. ಅವುಗಳನ್ನು ಚಿತ್ರ ತೆಗೆದು ಗಣಕದಲ್ಲಿ ಇಡಬೇಕೆಂಬ ಉತ್ಸಾಹ ಒಳ್ಳೆಯದು. ಮೋಡಿಯ ಹಾಗೆ ಇವೂ ಓದುವವರಿಲ್ಲದೆ ಹೋಗುವ ಮೊದಲು ಆಗಬೇಕಾದದ್ದು. ಆದರೆ ಆ ಹೊತ್ತಿಗೆ ಹೆಳವರ ಜೀವನೋಪಾಯ. ಅದರ ಪ್ರತಿ ಎಲ್ಲರ ಕೈಗೆ ಸಿಕ್ಕ ದಿನ ಅವರನ್ನು ಬಾಗಿಲಿಗೆ ಕರೆಯುವವರು ಯಾರು? ಆದ್ದರಿಂದ ಪ್ರತಿ ಮಾಡುವವರು ಆ ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು, ಅವರ ಕೆಲಸಕ್ಕೆ ಸಂಭಾವನೆ ಕೊಡಬೇಕು, ಪ್ರತಿಯ ಮೇಲಿನ ಹಕ್ಕು ಯಾರದೆಂದು ಮೊದಲೇ ಗೊತ್ತುಮಾಡಬೇಕು, ಬದುಕಿರುವವರ ವಿವರಗಳಿರುವ ಪುಟಗಳನ್ನು ಮುಚ್ಚಿಡಬೇಕು. ಜಿಲ್ಲೆಯ ಯಾವುದೇ ಕಾಲೇಜು ಈ ಕೆಲಸಕ್ಕೆ ಮುಂದಾಗುವುದಾದರೆ ತಿಕೋಟಾದ ಒಂದು, ಬಬಲೇಶ್ವರದ ಒಂದು ಊರನ್ನು ಹಿಡಿದು ಶುರುಮಾಡಬಹುದು, ಸುಗ್ಗಿ ಮುಗಿದು ಹೆಳವರು ಬರುವ ಕಾಲಕ್ಕೆ.